ಅಯ್ಯನೋರ ಹೆಬ್ಬೆರಳು

ರೋಗವೇ ಬರಬಾರದು ಎಂದು ಬೇಡಿಕೊಳ್ಳುವಷ್ಟು ದುರಾಸೆ ನನಗಿಲ್ಲ. ವಯಸ್ಸಾದ ಮೇಲೆ ಯಾವುದೋ ಒಂದು ಬಂದೇ ಬರುತ್ತದೆ. ಆದರೆ ಬರುವ ರೋಗ ಮನುಷ್ಯನ ಕಸುಬು ನೋಡಿಕೊಂಡು ಬಂದರೆ ಒಳ್ಳೆಯದು ಎಂಬುದಷ್ಟೇ ನನ್ನ ತಕರಾರು. ಹಾಡುವವನಿಗೆ ಮೊಣಕಾಲು ನೋಯಲಿ, ಹಾಡು ನಿಲ್ಲುವುದಿಲ್ಲ. ದರ್ಜಿಗೆ ಕಿವಿ ಮಂದವಾಗಲಿ, ಗಿರಾಕಿಗಳ ಬೈಗುಳವಾದರೂ ತಪ್ಪುತ್ತದೆ. ನನಗೆ ಬಂದದ್ದು ಬಲಗಾಲಿನ ಹೆಬ್ಬೆರಳಿಗೆ. ಅಷ್ಟೇನಾ ಎಂದು ನೀವು ಅನ್ನಬಹುದು. ಅನ್ನಿ, ಬೇಡವೆನ್ನುವುದಿಲ್ಲ. ಆದರೆ ನನ್ನ ಇಡೀ ಮೈಯಲ್ಲಿ ಜನ ಕೈಮುಗಿಯುವ ಜಾಗ ಅದೊಂದೇ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮುಂಡಗೋಡದ ಪೇಟೆಯಲ್ಲಿ ನನ್ನದೊಂದು ಸ್ಟೇಷನರಿ ಅಂಗಡಿ, ಮೂಲೆಯಲ್ಲಿ ಝೆರಾಕ್ಸ್ ಮಶೀನು. ಹುಟ್ಟಿನಿಂದ ನಾನು ಜಂಗಮ, ಅಂದರೆ ಸುತ್ತಲಿನ ಹಳ್ಳಿಗಳ ಕೆಲವು ಲಿಂಗಾಯತ ಮನೆಗಳಿಗೆ ಅಯ್ಯನೋರು. ಅಂಗಡಿಯಲ್ಲಿ ಒಂದು ಪೆನ್ನಿಗೂ ನನ್ನೊಡನೆ ಚೌಕಾಸಿ ಮಾಡುವ ಮನುಷ್ಯನೇ ಶ್ರಾವಣ ಸೋಮವಾರ ಬಂತೆಂದರೆ ನನ್ನನ್ನು ಮನೆಗೆ ಕರೆದು, ಮಣೆಯ ಮೇಲೆ ಕೂರಿಸಿ, ತಾಟಿನಲ್ಲಿ ನನ್ನ ಪಾದವಿರಿಸಿ ನೀರೆರೆಯುತ್ತಾನೆ. ವಿಭೂತಿ ಹಚ್ಚುತ್ತಾನೆ, ಬಿಲ್ವಪತ್ರೆ ಏರಿಸುತ್ತಾನೆ, ಕೊನೆಗೆ ಹಣೆಯನ್ನು ನನ್ನ ಬೆರಳಿಗೆ ತಾಗಿಸಿ ನಮಸ್ಕರಿಸುತ್ತಾನೆ. ಅದು ನನಗೆ ಸಲ್ಲುವ ನಮಸ್ಕಾರವಲ್ಲ, ಅಪ್ಪ ಅಜ್ಜಂದಿರ ಕಾಲದಿಂದ ಆ ಜಾಗಕ್ಕೆ ಸಲ್ಲುತ್ತ ಬಂದದ್ದು ಎಂದು ನನಗೆ ಗೊತ್ತಿದೆ. ಗೊತ್ತಿದ್ದೂ ಆ ಹೊತ್ತಿಗೆ ಸ್ವಲ್ಪ ಎದೆಯುಬ್ಬಿಸಿಕೊಂಡೇ ಕೂರುತ್ತೇನೆ.

ಒಂದು ದಿನ ಬೆಳಗ್ಗೆ ಎದ್ದಾಗ ಹೆಬ್ಬೆರಳಿನ ಬುಡ ಕೆಂಪಗೆ ಬಾತುಕೊಂಡಿತ್ತು. ಮೇಲೆ ಹೊದ್ದ ತೆಳು ಚಾದರ ತಾಗಿದರೂ ಜೀವ ಹೋದಂತಾಗುತ್ತಿತ್ತು. ಹೆಂಡತಿ ಗಿರಿಜಾ ಕೋಣೆಯಲ್ಲಿ ಕಸ ಗುಡಿಸುತ್ತಿದ್ದಳು. ಪೊರಕೆ ಮಂಚದ ಹತ್ತಿರ ಬಂದಷ್ಟಕ್ಕೇ ನಾನು ಚೀರಿದೆ. "ಇನ್ನೂ ನಾ ಮುಟ್ಟೇ ಇಲ್ಲಲ್ರೀ!" ಎಂದಳು. ಮುಟ್ಟುವ ಯೋಚನೆಯೇ ನೋಯಿಸುವ ನೋವು ಅದು ಎಂದು ಅವಳಿಗೆ ಹೇಗೆ ತಿಳಿಯಬೇಕು?

ನಮ್ಮೂರಿನ ಡಾಕ್ಟರು ಕರಾವಳಿಯ ಕಡೆಯವರು, ಬುದ್ಧಿವಂತರು, ಆದರೆ ಗಂಟಲು ದೊಡ್ಡದು. ಅವರ ಕೋಣೆಗೆ ಬಾಗಿಲಿಲ್ಲ, ಪರದೆ ಮಾತ್ರ. ಪರದೆಯಾಚೆ ಬೆಂಚಿನ ಮೇಲೆ ಅರ್ಧ ಪೇಟೆ ಕೂತಿತ್ತು. ಬೆರಳು ನೋಡಿದರು, ರಕ್ತದ ರಿಪೋರ್ಟು ನೋಡಿದರು. "ಇದು ಗೌಟ್. ಯೂರಿಕ್ ಆಸಿಡ್ ಜಾಸ್ತಿ ಆಗಿದೆ. ಮಟನ್ ತಿಂತೀರಾ?" ಎಂದು ಕೇಳಿದರು. ನನ್ನ ಹಣೆಯ ಮೇಲೆ ಮೂರೆಳೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. "ಮುಟ್ಟೂದಿಲ್ರೀ" ಎಂದೆ. "ಡ್ರಿಂಕ್ಸ್?" "ಡಾಕ್ಟರ್ ಸಾಹೇಬ್ರ, ನಾವು ಅಯ್ಯನೋರ್ರೀ!" "ಅದೆಲ್ಲ ಯೂರಿಕ್ ಆಸಿಡ್‌ಗೆ ಗೊತ್ತಾಗೋದಿಲ್ಲ ಮಾರಾಯ್ರೇ" ಎಂದು ನಕ್ಕರು. ಆಮೇಲೆ, ಇದು ವಂಶದಿಂದಲೂ ಬರುತ್ತದೆ, ಬೆಲ್ಲ ಸಕ್ಕರೆ ವಿಪರೀತ ತಿಂದರೂ ಕೆರಳುತ್ತದೆ, ಹೋಳಿಗೆ ಬಿಡಿ, ನೀರು ಚೆನ್ನಾಗಿ ಕುಡಿಯಿರಿ ಎಂದು ವಿವರಿಸಿದರು. ಕಷ್ಟವೇನೆಂದರೆ ಮಟನ್, ಡ್ರಿಂಕ್ಸ್ ಎನ್ನುವಾಗ ಇದ್ದ ದನಿ ಹೋಳಿಗೆ ಎನ್ನುವಾಗ ಇರಲಿಲ್ಲ. ಪರದೆಯಾಚೆಗೆ ತಲುಪಬೇಕಾದದ್ದು ತಲುಪಲಿಲ್ಲ, ತಲುಪಬಾರದ್ದು ಪೂರ್ತಿ ತಲುಪಿತು.

ಮರುದಿನ ರಿಫಿಲ್ ಕೊಳ್ಳಲು ಬಂದವನೊಬ್ಬ ದನಿ ತಗ್ಗಿಸಿ, "ಅಯ್ಯಾರ, ಗೋವಾದ ಕಡೆ ಭಾಳ ಓಡಾಟ ಐತಂತಲ್ರೀ?" ಎಂದ. ನಾನು ಜೋಯಿಡಾ ದಾಟಿ ಆಚೆ ಹೋದವನಲ್ಲ. ಜೋಯಿಡಾಕ್ಕೆ ಹೋದದ್ದೂ ಉಳವಿಯ ದರ್ಶನಕ್ಕೆ. ಆದರೆ ಗೋವಾ ಎಂದರೆ ನಮ್ಮಲ್ಲಿ ಊರಿನ ಹೆಸರಲ್ಲ, ಬಾಟಲಿಯ ಹೆಸರು. ಹೀಗಾಗಿ ಅಂದಿನಿಂದ ಯಾರು ಕೇಳಿದರೂ ಕಲ್ಲು ಎಡವಿದೆ ಎಂದು ಹೇಳತೊಡಗಿದೆ. ಒಬ್ಬರಿಗೆ ಬಸ್‌ಸ್ಟ್ಯಾಂಡಿನ ಕಲ್ಲು, ಇನ್ನೊಬ್ಬರಿಗೆ ಕೆರೆ ದಂಡೆಯ ಕಲ್ಲು. ಇಷ್ಟು ಕಲ್ಲು ಎಡವುವವನು ಕುಡಿದೇ ನಡೆಯುತ್ತಿರಬೇಕು ಎಂದು ಜನ ಅಂದುಕೊಂಡಾರು ಎಂಬುದು ನನಗೆ ಆಗ ಹೊಳೆಯಲಿಲ್ಲ.

ಮನೆಮದ್ದುಗಳ ವಿಷಯ ಕೇಳಬೇಡಿ. ಗಿರಿಜಾ ಎಕ್ಕೆಯ ಎಲೆಗೆ ಎಣ್ಣೆ ಸವರಿ, ಕಾವಲಿಯ ಮೇಲೆ ಬಿಸಿ ಮಾಡಿ ಬೆರಳಿಗೆ ಕಟ್ಟಿದಳು. ಮೊದಲೇ ಬೆಂಕಿಯಂತಿದ್ದ ಬೆರಳು ಅದರಿಂದ ಇನ್ನಷ್ಟು ಉರಿದೆದ್ದಿತು. ಡಾಕ್ಟರನ್ನು ಕೇಳಿದರೆ, "ಕಾವು ಕೊಡಬೇಡಿ, ಬಟ್ಟೆಯಲ್ಲಿ ಐಸು ಸುತ್ತಿ ಇಡಿ" ಎಂದರು. ದಾಂಡೇಲಿಯಲ್ಲಿರುವ ಷಡ್ಡಕ ದಿನಕ್ಕೊಂದು ಔಷಧ ವಾಟ್ಸಾಪಿನಲ್ಲಿ ಕಳಿಸುತ್ತಿದ್ದ. ಅಮೃತಬಳ್ಳಿಯ ಕಷಾಯ, ಹಾಗಲಕಾಯಿಯ ರಸ, ಬೆಳ್ಳುಳ್ಳಿ. ಒಂದೊಂದನ್ನೂ ಗಿರಿಜಾ ನನ್ನ ಬಾಯಿಗೆ ಸುರಿದಳು. ಯಾವುದರಿಂದ ಏನಾಯಿತೋ ಹೇಳಲಾರೆ, ಬಾಯಿಯಂತೂ ಕಹಿಯಾಯಿತು. ಸಾಲದ್ದಕ್ಕೆ, ಬೆರಳು ವಾಸಿಯಾದರೆ ಹಳಿಯಾಳದಿಂದ ಉಳವಿಗೆ ಕಾಲ್ನಡಿಗೆಯಲ್ಲಿ ಬರುತ್ತೇವೆಂದು ಹರಕೆ ಹೊತ್ತಳು. ಯಾರು ಬರುವುದು ಎಂದು ಕೇಳಿದೆ. "ನೀವರೀ. ಬ್ಯಾನಿ ನಿಮಗಲ್ಲೇನು ಬಂದಿದ್ದು?" ಎಂದಳು.

ನಿಜ ಹೇಳಬೇಕೆಂದರೆ ಡಾಕ್ಟರ ಗುಳಿಗೆಯೇ ನನ್ನನ್ನು ಎಬ್ಬಿಸಿತು. ಊತ ಇಳಿದ ಮೇಲೆ ಅವರು ಇನ್ನೊಂದು ಗುಳಿಗೆ ಬರೆದು, ಇದನ್ನು ನೋವಿರಲಿ ಬಿಡಲಿ ದಿನಾ ನುಂಗಬೇಕು ಎಂದರು. ಕೆಲವು ತಿಂಗಳು ನುಂಗಿದೆ. ನೋವೇ ಇಲ್ಲದ ಮೇಲೆ ಗುಳಿಗೆ ಯಾಕೆ ಎನ್ನಿಸಿತು, ಬಿಟ್ಟೆ. ಹೋಳಿಗೆ ಬಿಡುವುದಂತೂ ನನ್ನ ಕೈಯಲ್ಲಿರಲಿಲ್ಲ. ಅಯ್ಯನೋರು ಉಂಡ ಮೇಲೆಯೇ ಭಕ್ತರ ಮನೆಯವರು ಉಣ್ಣುವುದು. ನಾನು ಎಲೆಯ ಮುಂದೆ ಕೂತು ಬೇಡ ಎಂದರೆ ಇಡೀ ಮನೆ ಹಸಿದು ನಿಲ್ಲುತ್ತದೆ. ತುಪ್ಪ ಸುರಿದು ಎರಡು, ಒತ್ತಾಯಕ್ಕೆ ಇನ್ನೊಂದು, ಶಿವಾರ್ಪಣವೆಂದು ಮತ್ತೊಂದು. ಸೋಮವಾರ ಹೋಳಿಗೆ, ಬುಧವಾರ ಬೆರಳು. ಹಣೆ ತಾಗಿಸುವವರಲ್ಲಿ ಭಕ್ತಿ ಕಡಿಮೆಯಿದ್ದವರು ಮೆಲ್ಲಗೆ ಮುಟ್ಟಿ ಏಳುತ್ತಿದ್ದರು. ಭಕ್ತಿ ಹೆಚ್ಚಿದ್ದವರು ಒತ್ತಿ ಹಿಡಿಯುತ್ತಿದ್ದರು. ನನ್ನ ಭಕ್ತರಲ್ಲಿ ನಾಸ್ತಿಕರು ಹೆಚ್ಚಲಿ ಎಂದು ನಾನು ಶಿವನಲ್ಲಿ ಬೇಡಿಕೊಂಡ ದಿನಗಳೂ ಇವೆ.

ಪಕ್ಕದ ಹಳ್ಳಿ ಇಂದೂರಿನ ನೀಲವ್ವನ ಮನೆಗೆ ಹೋದದ್ದು ಅಂಥ ಒಂದು ದಿನ. ನೀಲವ್ವ ಮುದುಕಿ, ನನ್ನ ತಂದೆಯ ಕಾಲದಿಂದ ಆ ಮನೆಯ ಯಜಮಾನಿ. ಮಗ ಶಿವಪ್ಪ ಹೊಲ ನೋಡಿಕೊಳ್ಳುತ್ತಾನೆ. ಮಣೆಯ ಮೇಲೆ ಕೂತು, ಹಲ್ಲು ಕಚ್ಚಿಕೊಂಡು ಕಾಲನ್ನು ತಾಟಿನಲ್ಲಿಟ್ಟೆ. ಅವಳು ನೀರೆರೆಯಲು ಬಗ್ಗಿದವಳು ಹಾಗೇ ನಿಂತಳು.

"ಏನಾತ್ರೀ ಅಯ್ಯಾರ ಬೆರಳಿಗೆ?"

"ಕಲ್ಲು ಎಡವಿದೆ ನೀಲವ್ವ."

"ಎಂಥಾ ಕಲ್ಲ್ರೀ ಅದು? ಉಗುರು ಒಡದಿಲ್ಲ, ತೊಗಲು ಕಿತ್ತಿಲ್ಲ." ಚಾಳೀಸು ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದಳು. "ನಮ್ಮ ಮನಿಯವರಿಗೂ ಇದ ಬ್ಯಾನಿ ಇತ್ತು. ಹಚ್ಚಡ ತಾಗಿದ್ರ ಒದರತಿದ್ರು."

ನನ್ನ ಮುಖ ಕೆಂಪಾಗಿರಬೇಕು. ಅವಳ ಗಂಡ ಕುಡಿಯುತ್ತಿದ್ದನೆಂದು ಎಲ್ಲರಿಗೂ ಗೊತ್ತಿತ್ತು. ಅವಳು ನೀರನ್ನು ಬೆರಳ ಮೇಲೆ ಸುರಿಯದೆ ಪಕ್ಕದಿಂದ ಇಳಿಬಿಟ್ಟಳು. ಹೂವನ್ನು ಪಾದದ ಬದಿಗಿಟ್ಟಳು. ಆಮೇಲೆ ಬಗ್ಗಿ, ಹಣೆಯನ್ನು ಬೆರಳಿಗೆ ತಾಗಿಸದೆ, ಒಂದು ಬೆರಳಿನಷ್ಟು ಮೇಲೆಯೇ ತಡೆದು ನಿಲ್ಲಿಸಿದಳು. ಆ ವಯಸ್ಸಿನಲ್ಲಿ ಹಾಗೆ ಬಗ್ಗಿ ನಿಲ್ಲುವುದು ಸುಲಭವಲ್ಲ. ಅವಳ ಉಸಿರು ನನ್ನ ಬೆರಳಿಗೆ ತಾಗುತ್ತಿತ್ತು. ಎದ್ದು ಮಗನಿಗೂ ಸೊಸೆಗೂ, "ಹಿಂಗ ಮಾಡ್ರಿ. ಯಾರೂ ತಾಗಸಬ್ಯಾಡ್ರಿ" ಎಂದಳು.

ಹೊರಡುವಾಗ ಬಾಗಿಲವರೆಗೆ ಬಂದಳು. "ಅಯ್ಯಾರ, ನಾ ಇರೂತನಕ ನಿಮ್ಮ ಕಾಲಿಗೆ ತ್ರಾಸ ಕೊಡಾಂಗಿಲ್ಲ. ಆದ್ರ ನಾ ಹ್ವಾದಾಗ ನಿಮ್ಮ ಪಾದ ನನ್ನ ತಲಿ ಮ್ಯಾಲ ಬೀಳಬೇಕು. ಬ್ಯಾರೇದವರದು ಬ್ಯಾಡ. ನಿಮ್ಮ ತಂದಿಯವರು ನಮ್ಮತ್ತಿಗೆ ಇಟ್ಟಿದ್ರು" ಎಂದಳು. ನಮ್ಮವರಲ್ಲಿ ಸತ್ತವರನ್ನು ಕೂರಿಸಿ, ಮಣ್ಣಿಗೆ ಒಯ್ಯುವ ಮೊದಲು ಜಂಗಮನು ಬಲಪಾದವನ್ನು ಅವರ ತಲೆಯ ಮೇಲಿಡುವ ಪದ್ಧತಿಯುಂಟು. ಆಗಲಿ ಎಂದೆ. ಹೇಳುವಾಗ ಅದೇನೂ ದೊಡ್ಡ ಮಾತು ಅನ್ನಿಸಲಿಲ್ಲ.

ಅಂದಿನಿಂದ ಆ ಮನೆಯ ಊಟ ಬದಲಾಯಿತು. ಜೋಳದ ರೊಟ್ಟಿ, ಸೋರೆಕಾಯಿ ಪಲ್ಯ, ಅನ್ನ, ಮಜ್ಜಿಗೆ, ಪಕ್ಕದಲ್ಲಿ ದೊಡ್ಡ ತಂಬಿಗೆ ನೀರು. ಹೋಳಿಗೆಯ ಸುಳಿವಿಲ್ಲ. ಹೋದಾಗಲೆಲ್ಲ ಅದೇ. ಇಂದೂರಿನವರಿಗೆ ಭಕ್ತಿ ಕಡಿಮೆಯಾಯಿತು ಎಂದು ಗಿರಿಜಾಳ ಹತ್ತಿರ ಗೊಣಗಿದೆ. "ಒಂದು ಮನ್ಯಾಗರ ಕಡಿಮಿ ಆತಲ್ಲ, ಪುಣ್ಯ" ಎಂದಳು.

ನೀಲವ್ವ ಹೋದ ಸುದ್ದಿ ಬಂದದ್ದು ನನ್ನ ಬೆರಳು ಎಂದೂ ಇಲ್ಲದಷ್ಟು ಬಾತುಕೊಂಡಿದ್ದ ದಿನ. ಹಿಂದಿನ ದಿನವಷ್ಟೇ ಒಂದು ಮನೆಯ ಗೃಹಪ್ರವೇಶದಲ್ಲಿ ಉಂಡು ಬಂದಿದ್ದೆ. ನೆಲಕ್ಕೆ ಕಾಲೂರಲಾಗದೆ ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದೆ. ಶಿವಪ್ಪ ಫೋನಿನಲ್ಲಿ ಹೆಚ್ಚು ಮಾತಾಡಲಿಲ್ಲ. "ಅವ್ವ ಹೋದ್ಲ್ರೀ ಅಯ್ಯಾರ. ನಿಮ್ಮ ದಾರಿ ನೋಡ್ತೇವ್ರಿ" ಎಂದ, ಅಷ್ಟೇ. "ನಿಮ್ಮ ತಮ್ಮನ್ನ ಕಳಸ್ರಿ. ಅವರಿಗೂ ಎರಡು ಕಾಲು ಅದಾವು" ಎಂದಳು ಗಿರಿಜಾ. ಅವಳು ಹೇಳಿದ್ದು ತಪ್ಪಲ್ಲ. ತಮ್ಮನೂ ಜಂಗಮನೇ. ಅವನ ಪಾದವೂ ಪಾದವೇ. ಆದರೆ ನೀಲವ್ವ ಕೇಳಿದ್ದು ನನ್ನದನ್ನು. ಆ ಹಾಳು ಬೆರಳನ್ನು ಕಣ್ಣಾರೆ ನೋಡಿ, ಅದೇ ಬೇಕೆಂದು ಕೇಳಿದವಳು ಈ ಲೋಕದಲ್ಲಿ ಅವಳೊಬ್ಬಳೇ. ಡಾಕ್ಟರಿಗೆ ಫೋನು ಮಾಡಿ ಬೈಸಿಕೊಂಡು, ಅವರು ಹೇಳಿದ ಗುಳಿಗೆ ನುಂಗಿ ಕಾರು ಹತ್ತಿದೆ. ಗುಳಿಗೆ ಕೆಲಸ ಮಾಡಲು ಹೊತ್ತು ಬೇಡುತ್ತದೆ. ಸಾವಿನ ಮನೆಯಲ್ಲಿ ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ.

ಪಡಸಾಲೆಯಲ್ಲಿ ಅವಳನ್ನು ಗೋಡೆಗೊರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಿಗೆ ಹೂವಿನ ಹಾರ. ಚಾಳೀಸು ತೆಗೆದಿದ್ದರು. ಅದಿಲ್ಲದೆ ಅವಳ ಮುಖ ಬೇರೆ ಯಾರದೋ ಅನ್ನಿಸಿತು. ಬರಿಗಾಲಲ್ಲಿ ಕುಂಟುತ್ತ ಒಳಗೆ ಬಂದ ನನ್ನನ್ನು ನೋಡಿ ಭಜನೆಯವರೂ ದನಿ ತಗ್ಗಿಸಿದರು. ಮಂತ್ರ ಹೇಳಿದೆ, ವಿಭೂತಿ ಹಚ್ಚಿದೆ. ಇನ್ನು ಕಾಲು ಎತ್ತಬೇಕು. ಎಡಗಾಲಿನ ಮೇಲೆ ನಿಂತೆ, ಶಿವಪ್ಪನ ಹೆಗಲು ಹಿಡಿದೆ, ಎತ್ತಿದೆ. ಬೆರಳು ಗಾಳಿಗೇ ಉರಿಯಿತು. ಅವಳು ಬಿಟ್ಟಂತೆ ನಾನೂ ಒಂದು ಬೆರಳಿನಷ್ಟು ಅಂತರ ಬಿಟ್ಟರೆ ಯಾರಿಗೆ ತಿಳಿದೀತು ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಮಾತು ಕೊಟ್ಟದ್ದು ತಾಗಿಸುತ್ತೇನೆಂದೇ. ಕಣ್ಣು ಮುಚ್ಚಿ ಪಾದವನ್ನು ಅವಳ ತಲೆಯ ಮೇಲಿಟ್ಟೆ.

ಚೀರಿಬಿಡುತ್ತೇನೆಂದು ತುಟಿ ಕಚ್ಚಿಕೊಂಡಿದ್ದೆ. ಚೀರಲಿಲ್ಲ. ಅವಳ ನೆತ್ತಿ ತಣ್ಣಗಿತ್ತು. ಆ ತಂಪು ಬೆರಳಿನೊಳಕ್ಕೆ ಇಳಿಯಿತು, ಉರಿ ಮೆಲ್ಲಗೆ ಹಿಂದೆ ಸರಿಯಿತು. ಐಸು ಇಡಿ ಎಂದು ಡಾಕ್ಟರು ಹೇಳಿದ್ದು ಆ ಹೊತ್ತಿನಲ್ಲಿ ನೆನಪಾಗಬಾರದಿತ್ತು, ಆಯಿತು. ಸತ್ತವಳ ತಲೆಯಿಂದ ನನ್ನ ಕಾಲಿಗೆ ಸುಖ ಸಿಗುತ್ತಿದೆಯಲ್ಲ ಎಂದು ಮೈಯೆಲ್ಲ ನಾಚಿಕೆಯಾಯಿತು, ದುಃಖ ಉಕ್ಕಿ ಬಂತು. ಎಲ್ಲರೆದುರು ಅತ್ತುಬಿಟ್ಟೆ. ಅಳು ನೋವಿಗೆ ಬಂದದ್ದೆಂದು ಕೆಲವರು ತಿಳಿದಿರಬೇಕು. ಇಟ್ಟ ಕಾಲನ್ನು ಪದ್ಧತಿಗಿಂತ ಸ್ವಲ್ಪ ಹೆಚ್ಚು ಹೊತ್ತು ಹಾಗೇ ಇಟ್ಟಿದ್ದೆ. ತೆಗೆಯಲು ಮನಸ್ಸಾಗಲಿಲ್ಲ.

ಮಣ್ಣು ಮುಗಿಸಿ ಬಂದ ಮೇಲೆ ಕಟ್ಟೆಯ ಮೇಲೆ ಕೂತಿದ್ದೆವು. ಇನ್ನು ಕಲ್ಲಿನ ಕಥೆ ಹೇಳಲು ನಾಲಿಗೆ ಏಳಲಿಲ್ಲ. "ಶಿವಪ್ಪ, ಇದು ಕಲ್ಲು ಎಡವಿದ್ದಲ್ಲಪಾ. ಇದಕ್ಕ ಗೌಟ್ ಅಂತಾರ" ಎಂದೆ.

"ಗೊತ್ತೈತ್ರೀ. ಅವ್ವ ಹೇಳಿದ್ಲು. ನಮ್ಮಪ್ಪಗ ಸೆರೇದಿಂದ ಬಂತು, ಅಯ್ಯಾರಿಗೆ ನಮ್ಮಂಥವರ ಹೋಳಿಗಿಂದ ಬಂತು ಅಂತಿದ್ಲು. ಅದಕ್ಕ ನೀವು ಬಂದ ದಿನಾ ಹೋಳಿಗಿ ಮಾಡಾಕ ಕೊಡತಿದ್ದಿಲ್ಲ. ನಾವು ಜಗಳಾ ತಗದ್ವಿ, ಅಯ್ಯಾರಿಗೆ ಬರೇ ಸೋರೆಕಾಯಿ ನೀಡಿದ್ರ ಏನ ತಿಳಕೊಂಡಾರು ಅಂತ. ತಿಳಕೊಳ್ಳಲಿ ಬಿಡ್ರಿ, ಕಾಲು ಉಳೀತೈತಿ ಅಂದ್ಲು."

ತಿಳಿದುಕೊಂಡಿದ್ದೆ ಎಂದು ನಾನು ಹೇಳಲಿಲ್ಲ.

ಈಗ ಗುಳಿಗೆ ದಿನಾ ನುಂಗುತ್ತೇನೆ. ಯಾರಾದರೂ ಕೇಳಿದರೆ ರೋಗದ ಹೆಸರನ್ನು ಡಾಕ್ಟರಷ್ಟೇ ದೊಡ್ಡ ದನಿಯಲ್ಲಿ ಹೇಳುತ್ತೇನೆ. ಕೆಲವು ಮನೆಗಳಲ್ಲಿ ನಂಬುತ್ತಾರೆ, ಕೆಲವು ಮನೆಗಳಲ್ಲಿ ಗೋವಾದ ಕಡೆ ನೋಡುತ್ತಾರೆ. ಬೆರಳು ಬಹಳ ದಿನಗಳಿಂದ ಸುಮ್ಮನಿದೆ. ಉಳವಿಯ ಹರಕೆಯೂ ಸುಮ್ಮನಿರಲಿ ಎಂದು ನಾನು ಆ ಮಾತೆತ್ತುವುದಿಲ್ಲ.

ಈ ಶ್ರಾವಣದಲ್ಲಿ ಇಂದೂರಿಗೆ ಹೋಗಿದ್ದೆ. ಆ ಮನೆಗೆ ಹೊಸ ಸೊಸೆ ಬಂದಿದ್ದಾಳೆ, ಶಿವಪ್ಪನ ಮಗನ ಹೆಂಡತಿ. ಪಾದಪೂಜೆಯಲ್ಲಿ ಅವಳು ತವರಿನಲ್ಲಿ ಕಲಿತಂತೆ ಹಣೆಯನ್ನು ನನ್ನ ಹೆಬ್ಬೆರಳಿಗೆ ಒತ್ತಿದಳು. ಒಂದಿಷ್ಟೂ ನೋಯಲಿಲ್ಲ. ಎಷ್ಟೋ ವರ್ಷಗಳ ಮೇಲೆ ಆ ಮನೆಯಲ್ಲಿ ನನ್ನ ಬೆರಳಿಗೊಂದು ಹಣೆ ತಾಗಿತ್ತು. ಶಿವಪ್ಪನ ಹೆಂಡತಿ ಕೂಡಲೇ ಅವಳ ಭುಜ ಹಿಡಿದು ಎಬ್ಬಿಸಿದಳು. "ಹಂಗಲ್ಲವಾ. ನಮ್ಮ ಮನ್ಯಾಗ ಒಂದು ಬೆರಳಿನಷ್ಟು ಬಿಟ್ಟು ನಮಸ್ಕಾರ ಮಾಡಬೇಕು. ಅತ್ತಿಯವರು ಹಾಕಿಕೊಟ್ಟ ಪದ್ಧತಿ" ಎಂದಳು. ಹುಡುಗಿ ಹೆದರಿ, ಮತ್ತೆ ಬಗ್ಗಿ, ಅಂತರ ಬಿಟ್ಟು ನಮಸ್ಕರಿಸಿದಳು. ಈಗ ನೋವಿಲ್ಲ, ತಾಗಿಸಬಹುದು ಎನ್ನಲು ಬಾಯಿ ತೆರೆದವನು ಸುಮ್ಮನಾದೆ.

ಎಲೆ ಹಾಕಿದರು. ರೊಟ್ಟಿ, ಸೋರೆಕಾಯಿ ಪಲ್ಯ, ಮಜ್ಜಿಗೆ, ದೊಡ್ಡ ತಂಬಿಗೆ ನೀರು. ಒಳಗಿನಿಂದ ತುಪ್ಪದಲ್ಲಿ ಬೇಯುವ ಹೋಳಿಗೆಯ ವಾಸನೆ ಬರುತ್ತಿತ್ತು. ನಾನು ಉಂಡೆದ್ದ ಮೇಲೆ ಉಣ್ಣುವವರಿಗಾಗಿ ಇರಬೇಕು. ನಾನು ಇನ್ನೊಮ್ಮೆ ಪಲ್ಯ ಹಾಕಿಸಿಕೊಂಡೆ.