ನುಗ್ಗೆ ಸೊಪ್ಪಿನ ಮಹಾಶಿಖರ

ಧನಕವಡಿಯ ನಮ್ಮ ವಸತಿ ಸೊಸೈಟಿಯ ನುಗ್ಗೆ ಮರಕ್ಕೆ ಕಂಬಳಿಹುಳ ಬಿದ್ದಿದ್ದರಿಂದ ಅದನ್ನು ಕಡಿಸುವುದೆಂದು ತೀರ್ಮಾನವಾಯಿತು. ಆ ಸೊಪ್ಪಿನ ಪಲ್ಯದ ಪರಮಭಕ್ತೆಯಾದ ನನ್ನ ಹೆಂಡತಿ ಸುಧಾ ನನ್ನ ಮೇಲೆ ತಿರುಗಿಬಿದ್ದಳು.

"ಔಷಧ ಕಂಪನಿ ಲ್ಯಾಬಿನ್ಯಾಗ ಇದ್ದೀರಿ. ಈ ಸೊಪ್ಪಿನ್ಯಾಗ ಏನೇನದ ಅಂತ ತೋರಸ್ರಿ. ಆಮ್ಯಾಲ ಯಾರು ಕಡೀತಾರ ನೋಡೋಣು!"

"ಅದೇನ್ ಮಹಾ! ನಾಳೆ ಸಂಜೀಕ ಹೇಳ್ತೀನಿ," ಎಂದೆ. ನಾನು ಅಲ್ಲಿ ಪರೀಕ್ಷಿಸುತ್ತಿದ್ದುದು ಬರೀ ಮಾತ್ರೆಗಳನ್ನು. ಆದರೆ ಮಾತ್ರೆ ಬಲ್ಲವನಿಗೆ ಸೊಪ್ಪು ಯಾವ ಲೆಕ್ಕ?

ಸೊಪ್ಪಿನ ಒಳ್ಳೆಯ ಅಂಶಗಳು ಸಕ್ಕರೆಗೆ ಅಂಟಿಕೊಂಡಿರುತ್ತವೆ. ಆಮ್ಲದಲ್ಲಿ ಕುದಿಸಿದರೆ ಸಕ್ಕರೆ ಕಳಚುತ್ತದೆ. ಆ ಕಷಾಯವನ್ನು ಸೋಸಿ ಎಚ್‌ಪಿಎಲ್‌ಸಿ ಯಂತ್ರಕ್ಕೆ ಕೊಟ್ಟರೆ, ಒಳಗಿನ ಅಂಶಗಳು ಒಂದರ ಹಿಂದೊಂದು ಹೊರಬಂದು ಪರದೆಯ ಮೇಲೆ ಶಿಖರಗಳಾಗಿ ಏಳುತ್ತವೆ. ಲ್ಯಾಬಿನ ಮುಖ್ಯಸ್ಥೆಯಾದ ಮೇಡಂ ಅವರ ಒಪ್ಪಿಗೆ ಪಡೆದು ಹಾಗೆಯೇ ಮಾಡಿದೆ. ಪರದೆಯ ಮುಂದೆ ಕುಳಿತೆ.

ಮೊದಲು ಸಣ್ಣ ದಿಬ್ಬ. ಆಮೇಲೆ ಎದ್ದಿತು ನೋಡಿ, ನಮ್ಮೂರಿನ ಸಿಂಹಗಡ ಬೆಟ್ಟದಂಥ ಶಿಖರ! ನಮಗೆ ಗೊತ್ತಿದ್ದ ಯಾವ ವಸ್ತುವಿಗೂ ಅದು ಹೊಂದಲಿಲ್ಲ. ಹೊಸ ವಸ್ತು! ಅದಕ್ಕೆ 'ಸುಧಾಮೃತ' ಎಂಬ ನಾಮಕರಣವನ್ನೂ ಮನಸ್ಸಿನಲ್ಲೇ ನೆರವೇರಿಸಿದೆ.

ಅಂದೇ ಸಂಜೆ ಸೊಸೈಟಿಯ ಸಭೆಯಲ್ಲಿ ಘೋಷಿಸಿದೆ. ಮರ ಉಳಿಯಿತು. ಆದರೆ ಜನ ಪಲ್ಯಕ್ಕೆಂದು ಕಿತ್ತು ಕಿತ್ತು ವಾರದೊಳಗೆ ಮರದಲ್ಲಿ ಒಂದು ಎಲೆಯೂ ಉಳಿಯಲಿಲ್ಲ. ಕಂಬಳಿಹುಳಗಳು ಉಪವಾಸ ಬಿದ್ದವು!

ಮುಂದಿನ ಸೋಮವಾರ ಮೇಡಂ ನನ್ನ ಶಿಖರವನ್ನು ಬಹಳ ಹೊತ್ತು ನೋಡಿದರು.

"ಬ್ಲ್ಯಾಂಕ್ ಕೇಲಾ ಹೋತಾ ಕಾ?"

ಸೊಪ್ಪು ಹಾಕದೆ ಬರೀ ಆಮ್ಲವನ್ನೇ ಕುದಿಸಿ ನೋಡಿದ್ದೆಯಾ ಎಂದು ಅವರ ಮರಾಠಿ ಪ್ರಶ್ನೆ. ಇಲ್ಲ. ಈಗ ಮಾಡಿದೆ. ಸೊಪ್ಪಿಲ್ಲದೆಯೂ ಸಿಂಹಗಡ ಎದ್ದಿತು! ಮೇಡಂ ಫ್ಲಾಸ್ಕಿನ ಬಾಯಿಗೆ ನಾನು ಇಟ್ಟಿದ್ದ ರಬ್ಬರ್ ಬೂಚನ್ನು ತೋರಿಸಿದರು. ಬಿಸಿ ಆಮ್ಲದ ಹಬೆ ಅದರ ಅಂಶವನ್ನು ಕರಗಿಸಿ ಒಳಗೆ ಇಳಿಸಿತ್ತು. ಸೊಪ್ಪಿನ ನಿಜವಾದ ಸತ್ವ ಆ ಸಣ್ಣ ದಿಬ್ಬದಲ್ಲಿತ್ತು.

ಸಂಜೆ ತಲೆ ತಗ್ಗಿಸಿಕೊಂಡು ಸೊಸೈಟಿಯ ಅಧ್ಯಕ್ಷರಾದ ವಿಜಯಪುರದ ಕುಲಕರ್ಣಿ ಕಾಕಾ ಅವರ ಮನೆಗೆ ಹೋದೆ. ಎಲ್ಲವನ್ನೂ ಹೇಳಿದೆ. ಅವರು ಮೊಣಕಾಲು ಸವರಿಕೊಳ್ಳುತ್ತ ಯೋಚಿಸಿದರು.

"ಹೌದೇನು? ನನ್ನ ಮೊಣಕಾಲ ಬ್ಯಾನಿ ಭಾಳ ಕಮ್ಮಿ ಆಗ್ಯದಲ್ರೀ!"

"ಅದು ಸೊಪ್ಪಿನಿಂದ ಅಂತ ಹೇಳಾಕ ಬರಂಗಿಲ್ರಿ, ಕಾಕಾ. ಆ ದೊಡ್ಡ ಶಿಖರ ರಬ್ಬರಿಂದು."

ಕಾಕಾ ಅವರ ಮುಖ ಅರಳಿತು.

"ಹಂಗಾದ್ರ ನನಗೊಂದು ಬೂಚ್ ತಂದು ಕೊಡ್ರಲಾ!"

ವಿಜ್ಞಾನಕ್ಕೆ ನಾನು ಸಲ್ಲಿಸಿದ ಸೇವೆ ಇಷ್ಟು.