ದಪ್ಪ ಖಡಿಯ ಟಾಂಕಿ

ಪ್ಲಾಸ್ಟಿಕ್ ಟಾಂಕಿ ಬಿಸಿಲಿಗೆ ಸೀಳಿಹೋದ ದಿನವೇ ನಾನು ಘೋಷಿಸಿಬಿಟ್ಟೆ: ಬ್ಯಾಡಗಿಯಲ್ಲಿ ಯಾರೂ ಕಟ್ಟಿಸಿರದಂಥ ಕಾಂಕ್ರೀಟ್ ಟಾಂಕಿಯನ್ನು ನಮ್ಮ ಹಿತ್ತಲಲ್ಲಿ ಕಟ್ಟಿಸುತ್ತೇನೆ! ಮರಿಮಕ್ಕಳೂ ಅದರ ನೀರು ಕುಡಿಯಬೇಕು.

“ಮೊದಲ ನಾಳಿಗೆ ನಮಗ ಕುಡ್ಯಾಕ ವ್ಯವಸ್ಥಾ ಮಾಡ್ರಿ,” ಎಂದಳು ಹೆಂಡತಿ ಸುನಿತಾ.

ಬಟ್ಟೆ ಅಂಗಡಿಯವನಾದ ನನಗೆ ಕಾಂಕ್ರೀಟ್ ಗೊತ್ತಿರಲಿಲ್ಲ, ತರ್ಕ ಗೊತ್ತಿತ್ತು. ಜಲ್ಲಿಕಲ್ಲಿಗೆ ನಮ್ಮಲ್ಲಿ ಖಡಿ ಎನ್ನುತ್ತಾರೆ. ಟಾಂಕಿ ಕಟ್ಟಲು ಬಂದ ಗೌಂಡಿ ಶೇಖಪ್ಪನಿಗೆ ಹೇಳಿದೆ: “ದಪ್ಪ ಖಡಿ ತರಸು. ಸಣ್ಣ ಕಲ್ಲಿನಾಗ ಯಾರರ ಕೋಟೆ ಕಟ್ಯಾರೇನು?”

“ಕೋಟ್ಯಾಗ ಯಾರರ ನೀರು ತುಂಬ್ಯಾರೇನು?” ಎಂದಳು ಸುನಿತಾ.

ನಾನು ಕೇಳಿಸಿಕೊಳ್ಳಲಿಲ್ಲ. ನಿಂಬೆಹಣ್ಣಿನ ಗಾತ್ರದ ಖಡಿ ಬಂತು. ಟಾಂಕಿಯ ಗೋಡೆಯೋ ತೆಳ್ಳಗೆ, ಒಳಗೆ ಒತ್ತೊತ್ತಾಗಿ ಕಬ್ಬಿಣದ ಸರಳು. ರಾಣೇಬೆನ್ನೂರು ಬಸ್ಸಿನ ಬಾಗಿಲಲ್ಲಿ ಜನ ಸಿಕ್ಕಿಕೊಂಡಂತೆ ಕಲ್ಲುಗಳು ಅಲ್ಲಲ್ಲೇ ಸಿಕ್ಕಿಕೊಂಡವು. ಶೇಖಪ್ಪ ಮೇಲೆ ಸಿಮೆಂಟು ಬಳಿದು ನುಣ್ಣಗೆ ಗಿಲಾಯಿ ಮಾಡಿದ. ನನ್ನ ಕಣ್ಣಿಗೆ ಅದು ಅರಮನೆಯಂತೆ ಕಂಡಿತು.

ಟಾಂಕಿ ತುಂಬಿಸುವ ಭಾನುವಾರ, ಹಾವೇರಿಯಲ್ಲಿ ಎಂಜಿನಿಯರ್ ಆಗಿರುವ ಸುನಿತಾಳ ತಮ್ಮ ವೀರೇಂದ್ರನನ್ನು ಊಟಕ್ಕೆ ಕರೆದೆ. ನನ್ನ ವೈಭವವನ್ನು ತಿಳಿದವರು ನೋಡಬೇಡವೇ? ಹೋಳಿಗೆ ಇನ್ನೂ ಗಂಟಲಿಳಿದಿರಲಿಲ್ಲ, ಹಿತ್ತಲಲ್ಲಿ ಸುರ್ರೆಂಬ ಸದ್ದು. ಹೋಗಿ ನೋಡಿದರೆ ಗೋಡೆಯ ಮೈಯೆಲ್ಲ ಬೆವರುತ್ತಿತ್ತು. ಅದಕ್ಕಿಂತ ಹೆಚ್ಚು ನಾನು ಬೆವರಿದೆ.

ವೀರೇಂದ್ರ ಗೋಡೆ ಮುಟ್ಟಿ ನೋಡಿದ. “ಭಾವಾ, ಖಡಿ ಎಷ್ಟು ದಪ್ಪಂದು ಹಾಕ್ಸಿದ್ರಿ?”

ಬೆರಳಲ್ಲಿ ತೋರಿಸಿದೆ.

“ತೆಳ್ಳನ ಗೋಡ್ಯಾಗ ಇಷ್ಟು ದಪ್ಪ ಖಡಿ ಸರಳಿಗೆ ಸಿಗಬಿದ್ದು, ಸಿಮೆಂಟು ಒಳಗ ಇಳಿಯಂಗಿಲ್ರಿ. ಪೊಳ್ಳು ಉಳೀತೈತಿ. ಕಲ್ಲಿನ ಅಂಚು ಹಿಡದು ನೀರು ಹೊರಗ ಬರತೈತಿ. ತಾಕತ್ತೂ ಕಮ್ಮಿ ಆಕ್ಕೈತಿ.”

“ಕಲ್ಲು ಗಟ್ಟಿ ಐತಲ್ಲೋ.”

“ಕಲ್ಲು ಗಟ್ಟಿನ ಐತ್ರಿ. ಗ್ವಾಡಿ ಪೊಳ್ಳ ಐತಿ.”

ಅಷ್ಟರಲ್ಲಿ ಸುನಿತಾ ಕೂಗಿದಳು: “ರೀ, ಲಗೂ ಬರ್ರಿ, ನೀರು ಕೈಸರಣ್ಣನ ಅಂಗಳಕ್ಕ ಹಾರಾಕತ್ತೈತಿ!”

ಪಕ್ಕದ ಮನೆಯ ಕೈಸರ ನಾಳಿನ ಮಾರುಕಟ್ಟೆಗೆಂದು ವರ್ಷದ ಮೆಣಸಿನಕಾಯಿಯನ್ನೆಲ್ಲ ಅಂಗಳದಲ್ಲಿ ಹರವಿದ್ದ. ಒಣಮೆಣಸಿನಕಾಯಿಗೆ ನೀರು ಬಿದ್ದರೆ ಬಣ್ಣವೂ ಹೋಯಿತು, ಬೆಳೆಯೂ ಹೋಯಿತು, ನಮ್ಮ ನೆರೆಹೊರೆಯೂ ಹೋಯಿತು! ವೀರೇಂದ್ರ ಟಾಂಕಿ ಖಾಲಿ ಮಾಡಲು ಓಡಿದ. ನಾನು ಕಾಂಪೌಂಡ್ ಸುತ್ತಿ ಕೈಸರನ ಅಂಗಳಕ್ಕೆ ಓಡಿದೆ.

ಟಾಂಕಿಯ ಗೋಡೆಯಿಂದ ಚಿಮ್ಮಿದ ಸಣ್ಣ ತುಂತುರು ಕೆಂಪು ರಾಶಿಯ ಮೇಲೆ ಮಂಜಿನಂತೆ ಇಳಿದಿತ್ತು. ಕೈಸರ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ. ಅವನು ಒಂದು ಕಾಯಿ ಎತ್ತಿ ಬಾಗಿಸಿ ನೋಡಿದ. ಅದು ಮುರಿಯಲಿಲ್ಲ.

“ಎಷ್ಟು ಹದಾ ಆಗೈತಿ ನೋಡ್ರಿ. ಒಣಾ ಕಾಯಿ ಹಂಗ ಚೀಲಕ್ಕ ತುಂಬಿದ್ರ ಪುಡಿಪುಡಿ ಆಕ್ಕಾವಂತ ಒಂದೀಟು ನೀರು ಚಿಮುಕಿಸಾಕ ನಾನ ಪಂಪು ತರಾಕ ಹೊಂಟಿದ್ದೆ.”

ನನಗೆ ಹೋದ ಜೀವ ಬಂತು. ಅಲ್ಲಿಯೇ ಚೀಲದ ಮೇಲೆ ಕುಸಿದು ಕುಳಿತೆ. ಕಾಂಪೌಂಡಿನಾಚೆಯಿಂದ ಸುನಿತಾ ನಿಟ್ಟುಸಿರು ಬಿಟ್ಟದ್ದೂ ಕೇಳಿಸಿತು.

ಕೈಸರ ನನ್ನ ಟಾಂಕಿಯನ್ನು ಮೆಚ್ಚುಗೆಯಿಂದ ನೋಡುತ್ತ ಹೇಳಿದ: “ಇಂಥಾ ಪಂಪು ನಮ್ಮ ಓಣ್ಯಾಗ ಯಾರ ಮನ್ಯಾಗೂ ಇಲ್ರಿ. ಮುಂದಿನ ಸಲ ತುಂಬಸೂ ಮುಂಚೆ ಒಂದು ಮಾತು ಹೇಳ್ರಿ, ಮೋಟೆಬೆನ್ನೂರಿನ ಬೀಗರಿಗೂ ಮೆಣಸಿನಕಾಯಿ ತಗೊಂಡು ಬರ್ರಿ ಅಂತೇನಿ.”