ಒಂದು ಗಿಡ, ಮೂರು ಕಾಯಿ

ಬಾಯಿ ಮುಚ್ಚಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಈ ಗುಮಾಸ್ತನ ಬಾಯಿ ಹುಟ್ಟಿದಾಗಿನಿಂದ ಮುಚ್ಚಿದ್ದೇ ಇಲ್ಲ. ಕಚೇರಿಯಲ್ಲಿ ಹೆಡ್ ಗುಮಾಸ್ತರ ಕುರ್ಚಿ ಖಾಲಿಯಾಗಿತ್ತು. ಇಡೀ ಕಚೇರಿಗಿದ್ದ ಒಂದೇ ಒಂದು ಕೂಲರು ಆ ಕುರ್ಚಿಯ ಮುಂದಿತ್ತು. ಬೆಂಕಿ ಸುರಿಯುವ ಈ ಊರಿನಲ್ಲಿ ಅದಕ್ಕಿಂತ ದೊಡ್ಡ ಭಾಗ್ಯ ಇನ್ನೇನು? ಪೈಪೋಟಿಯಲ್ಲಿದ್ದವರು ಇಬ್ಬರೇ. ಒಬ್ಬ ಈತ. ಇನ್ನೊಬ್ಬ, ಬಾಯಿಬಿಟ್ಟರೆ ಮುತ್ತು ಉದುರೀತು ಎಂಬಂತೆ ಕೂರುವ ಟೈಪಿಸ್ಟ್.

ಮ್ಯಾನೇಜರ್ ಸಾಹೇಬರಿಗೆ ಗಿಡಗಳ ಹುಚ್ಚು ಎಂದು ತಿಳಿದದ್ದೇ ತಡ, ಗುಮಾಸ್ತ ಬಿಟ್ಟೇಬಿಟ್ಟ: "ನಮ್ಮ ತಾರಸಿ ಮೇಲೆ ತೋಟಾನೇ ಇದೆ ಸಾರ್. ನಾವು ತರಕಾರಿ ಅಂಗಡಿ ಮುಖ ನೋಡಿ ಎಷ್ಟು ತಿಂಗಳಾಯ್ತೋ!"

"ಹೌದೇನ್ರಿ? ಹಾಗಾದ್ರೆ ನಾಳೆ ಸಂಜೆ ಐದಕ್ಕೆ ಬಂದು ನೋಡ್ತೀನಿ. ಆ ಕುರ್ಚಿ ವಿಷಯಾನೂ ಅಲ್ಲೇ ತೀರ್ಮಾನ ಮಾಡಿಬಿಡೋಣ."

ತೋಟವಂತೆ ತೋಟ! ತಾರಸಿಯಲ್ಲಿದ್ದದ್ದು ಒಂಬತ್ತು ಹಳೇ ಬಣ್ಣದ ಡಬ್ಬಗಳು. ಮೊಬೈಲಿನಲ್ಲಿ ವಿಡಿಯೋ ನೋಡಿ ಕೃಷಿ ಕಲಿತ ಈ ಮಹಾಶಯ ಎರಡೇ ತಿಂಗಳಲ್ಲಿ ಎಂಟು ಡಬ್ಬಗಳಲ್ಲಿದ್ದ ಟೊಮೆಟೊ, ಮೆಣಸಿನ ಸಸಿಗಳನ್ನು ಕಡ್ಡಿ ಮಾಡಿ ಮುಗಿಸಿದ್ದ. ಒಂಬತ್ತನೆಯದರಲ್ಲಿ ಒಂದು ಬದನೆ ಗಿಡ ಹೇಗೋ ಕಣ್ತಪ್ಪಿಸಿ ಉಳಿದುಕೊಂಡಿತ್ತು. ಅದರಲ್ಲಿ ಹೆಬ್ಬೆರಳಿನಷ್ಟು ಒಂದು ಕಾಯಿ. ಸಂಜೆ ಐದರವರೆಗೆ ಆ ಕಾಯಿ ಗಿಡದ ಮೇಲೆ ನಿಂತರೆ ಕುರ್ಚಿ ಈತನದು.

ಹೊಟ್ಟೆನೋವೆಂದು ರಜೆ ಹಾಕಿ ಗುಮಾಸ್ತ ಬೆಳಿಗ್ಗೆಯಿಂದಲೇ ಗಿಡದ ಪಕ್ಕ ಛತ್ರಿ ಹಿಡಿದು ಕೂತ.

"ಮಕ್ಕಳಿಗೆ ಜ್ವರ ಬಂದಾಗ ಒಂದು ದಿನ ಹೀಗೆ ಕೂತಿದ್ರಾ?" ಎಂದು ಹೆಂಡತಿ ಕೇಳಿದಳು. ಈತ ಛತ್ರಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ.

ಹನ್ನೊಂದಕ್ಕೆ ಎಲೆಗಳು ಜೋತುಬಿದ್ದವು. ಎದುರು ಮನೆಯ ನಿವೃತ್ತ ಮೇಷ್ಟ್ರು ಬಟ್ಟೆ ಒಣಹಾಕುವ ನೆಪದಲ್ಲಿ ಹತ್ತಿ ಬಂದರು. ಕರೆಯದೆ ಬರುವುದು ಅವರಿಗೆ ಪೆನ್ಷನ್ನಿನ ಜೊತೆ ಸಿಕ್ಕ ಸೌಲಭ್ಯ.

"ದಡ್ಡ ಕಣಯ್ಯಾ ನೀನು! ಬಾಯಾರಿ ಸಾಯ್ತಿದೆ. ನೀರು ಹಾಕು!"

ಗುಮಾಸ್ತ ತಾರಸಿಯ ನಲ್ಲಿ ತಿರುಗಿಸಿ ಎರಡು ಬಕೆಟ್ ಸುರಿದ. ಬಿಸಿಲಿಗೆ ಕಾದ ಟ್ಯಾಂಕಿನ ನೀರು ಹಬೆಯಾಡುತ್ತಿತ್ತೆಂಬುದು ಕಾಲ ಮೇಲೆ ಚೆಲ್ಲಿಕೊಂಡು ಕುಣಿದಾಡಿದ ಮೇಲಷ್ಟೇ ಇಬ್ಬರಿಗೂ ಗೊತ್ತಾಯಿತು.

ಕೂಗು ಕೇಳಿ ಕೆಳಮನೆಯ ಟೈಲರಕ್ಕ ಕುತ್ತಿಗೆಯ ಟೇಪನ್ನೂ ತೆಗೆಯದೆ ಓಡಿಬಂದಳು. "ಅಯ್ಯೋ, ಬೇರು ಬೇಯಿಸಿಬಿಟ್ರಲ್ಲಪ್ಪಾ! ತಣ್ಣಗೆ ಮಾಡಿ, ತಣ್ಣಗೆ!" ಎಂದು ತನ್ನ ಫ್ರಿಜ್ಜಿನ ಐಸೆಲ್ಲ ತಂದು ಬುಡಕ್ಕೆ ಸುರಿದಳು. ಬೆಂದ ಬೇರು ಈಗ ಗಡಗಡ ನಡುಗಿರಬೇಕು.

ಇಷ್ಟಕ್ಕೇ ಬಿಟ್ಟಿದ್ದರೂ ಅದು ಬದುಕುತ್ತಿತ್ತೋ ಏನೋ. ಆದರೆ ಗುಮಾಸ್ತನಿಗೆ ಸ್ವಂತ ಬುದ್ಧಿಯೂ ಇತ್ತಲ್ಲ! ಗೊಬ್ಬರದ ಪೊಟ್ಟಣದ ಮೇಲೆ 'ತಿಂಗಳಿಗೊಂದು ಚಮಚ' ಎಂದು ಬರೆದಿತ್ತು. ಒಂದು ಚಮಚಕ್ಕೆ ಒಂದು ತಿಂಗಳಾದರೆ ಒಂದು ಬೊಗಸೆಗೆ ಒಂದು ಗಂಟೆ ಎಂದು ಲೆಕ್ಕ ಹಾಕಿ ಬೊಗಸೆ ತುಂಬ ಹಾಕಿದ. ಎರಡು ಗಂಟೆಗೆ ಎಲೆಗಳು ಸುಟ್ಟ ಕಾಗದದಂತೆ ಸುರುಟಿಕೊಂಡವು. ಆ ಹೆಬ್ಬೆರಳಿನ ಕಾಯಿ ಟಪ್ಪನೆ ಕೆಳಗೆ ಬಿತ್ತು.

ಗುಮಾಸ್ತನಿಗೆ ಅಳುವೇ ಬಂತು. ನಾಳೆ ಟೈಪಿಸ್ಟ್ ಕೂಲರಿಗೆ ಮುಖವೊಡ್ಡಿ ಕೂರುವುದು ಕಣ್ಣಿಗೆ ಕಟ್ಟಿತು. ಎದ್ದವನೇ, ತಿಂಗಳುಗಟ್ಟಲೆ ಮುಖ ನೋಡಿಲ್ಲವೆಂದಿದ್ದ ಅದೇ ತರಕಾರಿ ಅಂಗಡಿಗೆ ಓಡಿದ. ಒಂದು ಗುಂಡು ನೇರಳೆ ಬದನೆಕಾಯಿ ತಂದು, ಗಿಡಕ್ಕೆ ಕೋಲು ಕೊಟ್ಟು ನಿಲ್ಲಿಸಿ, ದಾರದಿಂದ ಕಟ್ಟಿ, ಉಸಿರು ಬಿಟ್ಟು ಸ್ನಾನಕ್ಕೆ ಹೋದ.

ಐದಕ್ಕೆ ಸರಿಯಾಗಿ ಮ್ಯಾನೇಜರ್ ಬಂದರು. ಮೇಷ್ಟ್ರೂ ಟೈಲರಕ್ಕನೂ ಬೀಗರಂತೆ ಮೊದಲೇ ತಾರಸಿಯಲ್ಲಿ ನಿಂತಿದ್ದರು. ಗುಮಾಸ್ತ "ಬನ್ನಿ ಸಾರ್, ನಮ್ಮ ಬದನೆ..." ಎಂದವನು ಅಲ್ಲೇ ಬೆವರಿಬಿಟ್ಟ.

ಗಿಡದಲ್ಲಿ ಗುಂಡು ನೇರಳೆ ಬದನೆಯ ಪಕ್ಕ ಗೇಣುದ್ದದ ಹಸಿರು ಬದನೆಕಾಯಿ ತೂಗುತ್ತಿತ್ತು. ಅದರಾಚೆ, ತುದಿಯಲ್ಲಿ, ಒಂದು ಬೆಂಡೆಕಾಯಿ.

"ಒಂದೇ ಕಾಯಿಗೆ ಯಾರಯ್ಯಾ ಬಡ್ತಿ ಕೊಡ್ತಾರೆ? ಇನ್ನೊಂದು ನಾನೇ ಕಟ್ಟಿದೆ," ಎಂದು ಮೇಷ್ಟ್ರು ಕಿವಿಯಲ್ಲಿ ಪಿಸುಗುಟ್ಟಿದರು.

"ಬೆಂಡೆ ನಂದು. ಮನೇಲಿ ಅದೇ ಇದ್ದಿದ್ದು. ಹಸಿರು ದಾರದಲ್ಲಿ ಹೊಲಿದಿದ್ದೀನಿ, ಗೊತ್ತೇ ಆಗಲ್ಲ," ಎಂದಳು ಟೈಲರಕ್ಕ ಇನ್ನೊಂದು ಕಿವಿಯಲ್ಲಿ.

ಮ್ಯಾನೇಜರ್ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. "ಏನ್ರೀ ಇದು?"

"ಕಸಿ ಸಾರ್," ಎಂದಿತು ಗುಮಾಸ್ತನ ಬಾಯಿ, ಒಡೆಯನನ್ನು ಒಂದು ಮಾತೂ ಕೇಳದೆ. "ಮೂರು ಜಾತಿ ಸೇರಿಸಿ ಕಸಿ ಮಾಡಿದ್ದೀನಿ."

"ಎಲೆ ಯಾಕೆ ಹೀಗೆ ಬಾಡಿದೆ?"

"ಕಾಯಿಭಾರ ಸಾರ್."

"ಈ ಬಿಸಿಲಲ್ಲಿ?"

"ಬಿಸಿಲೇ ನನಗೆ ಬೇಕಾಗಿರೋದು ಸಾರ್. ನೆರಳಲ್ಲಿ ನನ್ನ ಕೈ ಓಡೋದೇ ಇಲ್ಲ."

ಮ್ಯಾನೇಜರ್ ಬಾಗಿ ಮೂರೂ ಕಾಯಿಗಳನ್ನು ಒಂದೊಂದಾಗಿ ನೋಡಿದರು. ಮುಟ್ಟಿದರೆ ಪಾಪವೆಂಬಂತೆ ಕೈ ಹಿಂದೆ ಕಟ್ಟಿಕೊಂಡು ಗಿಡವನ್ನು ಎರಡು ಸುತ್ತು ಬಂದರು. ಗುಮಾಸ್ತನ ಮೈಗೆ ಆಗಲೇ ಕೂಲರಿನ ಗಾಳಿ ತಾಗಿದಂತಾಯಿತು.

"ನಾನೆಂಥಾ ತಪ್ಪು ಮಾಡೋದ್ರಲ್ಲಿದ್ದೆ ನೋಡಿ!" ಎಂದರು ಮ್ಯಾನೇಜರ್. "ಇಂಥ ಕೈಗುಣ ಇರೋ ಮನುಷ್ಯನ್ನ ಫೈಲುಗಳ ಮಧ್ಯೆ ಕೂಡಿಹಾಕೋದಾ? ಆ ಕುರ್ಚಿಲಿ ಟೈಪಿಸ್ಟ್ ಕೂತ್ಕೊಳ್ಳಲಿ, ಅವನಿಗೆ ಬೇರೆ ಏನು ಬರುತ್ತೆ ಪಾಪ. ಕಚೇರಿ ಹಿಂದೆ ಅರ್ಧ ಎಕರೆ ಬಯಲು ಹಾಳುಬಿದ್ದಿದೆಯಲ್ಲ, ನಾಳೆಯಿಂದ ಅದು ನಿಮ್ಮದು. ಹತ್ತರಿಂದ ಐದರವರೆಗೆ ನೀವು ಒಳಗೆ ಬರೋದೇ ಬೇಡ."

"ಸಾರ್, ಅಲ್ಲಿ ಒಂದು ಮರಾನೂ ಇಲ್ಲ..."

"ಇದೆಯಲ್ರೀ, ಒಂದು ಬೇವಿನ ಮರ. ನಿಮಗೆ ಅಡ್ಡಿಯಾಗೋದು ಬೇಡ, ಬೆಳಿಗ್ಗೆನೇ ಕಡಿಸಿಬಿಡ್ತೀನಿ."

ಜೀವಮಾನದಲ್ಲಿ ಮೊದಲ ಸಲ ನಿಜ ಹೇಳಿಬಿಡೋಣವೆಂದು ಗುಮಾಸ್ತ ಬಾಯಿ ತೆರೆದ. ಅಷ್ಟರಲ್ಲಿ ಮೇಷ್ಟ್ರು ಮುಂದೆ ಬಂದು ಕೈಮುಗಿದರು.

"ಒಬ್ಬನೇ ಒದ್ದಾಡ್ತಾನೆ ಅಂತ ಯೋಚನೆ ಮಾಡ್ಬೇಡಿ ಸಾಹೇಬ್ರೆ. ನಾನೂ ಟೈಲರಕ್ಕನೂ ದಿನಾ ಬಂದು ಹೇಳಿಕೊಡ್ತೀವಿ."